ಹಿರಿಯೂರು ತಲುಪದ ಸವಾರಿ

ಚಿತ್ರದುರ್ಗ
೨೪ ನವೆಂಬರ್ ೧೯೭೪, ಭಾನುವಾರ

ಪ್ರೀತಿಯ ದೊಡ್ಡಪ್ಪನಿಗೆ,

ಕಾಟಮ್ಮನ ನಮಸ್ಕಾರ. ‘ತೀರ್ಥರೂಪ ಸಮಾನರಾದ’ ಎಂದು ಶುರು ಮಾಡಬೇಕಂತೆ, ವಾರ್ಡನ್ ಹೇಳಿದರು. ಹಾಗೆ ಬರೆದರೆ ನೀವು ಯಾರಿಗೋ ಬಂದ ಕಾಗದ ಎಂದು ಪೋಸ್ಟ್‌ಮ್ಯಾನ್‌ಗೆ ವಾಪಸ್ ಕೊಟ್ಟುಬಿಡುತ್ತೀರಿ. ದಸರಾ ರಜೆ ಮುಗಿಸಿ ಬಂದು ತಿಂಗಳಾಯಿತು. ನಾಲ್ಕು ಇನ್‌ಲ್ಯಾಂಡ್ ಕಾಗದ ತಂದೆ, ಮೂರನ್ನು ಹರಿದೆ. ಪ್ರಾಕ್ಟಿಕಲ್ಸ್ ಇತ್ತು, ಜ್ವರ ಬಂದಿತ್ತು ಎಂದು ಬರೆಯಬಹುದಿತ್ತು. ಪ್ರಾಕ್ಟಿಕಲ್ಸ್ ಇದ್ದದ್ದು ನಿಜ. ಜ್ವರ ಬಂದಿರಲಿಲ್ಲ.

ಕಾಲು ಹೇಗಿದೆ? ಕಟ್ಟು ಬಿಚ್ಚಿದರೇ? ರಾತ್ರಿ ನೋವು ಬರುತ್ತದೆಯೇ? ದೊಡ್ಡಮ್ಮ ಕಳಿಸಿದ ಚಟ್ನಿಪುಡಿಯನ್ನು ನಿಮ್ಮ ಸ್ಟೇಷನ್ನಿನ ದುರುಗಣ್ಣ ಮೊನ್ನೆ ರೈಲಿನಲ್ಲಿ ತಂದು ಕೊಟ್ಟ. ರೈಲ್ವೆ ಪಾಯಿಂಟ್ಸ್‌ಮನ್ ಡ್ರೆಸ್ಸಿನಲ್ಲೇ ಹಾಸ್ಟೆಲ್ ಗೇಟಿಗೆ ಬಂದಿದ್ದ. ಹುಡುಗಿಯರೆಲ್ಲ ಕಿಟಕಿಗೆ ಬಂದರು. ಅವನಿಗೆ ಅದರ ಪರಿವೆಯೇ ಇಲ್ಲ. ನಿಮ್ಮ ಬಿ.ಎಸ್.ಎ. ಮೋಟಾರ್‌ಸೈಕಲ್ಲನ್ನು ಹಿರಿಯೂರಿನ ಓಬಳೇಶಪ್ಪನವರಿಗೆ ಕೊಟ್ಟುಬಿಡುತ್ತೀರಂತೆ, ಬರುವ ಭಾನುವಾರ ಬಂದು ಒಯ್ಯುತ್ತಾರಂತೆ, ಅವರ ನಾರ್ಟನ್ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರಂತೆ ಎಂದ. ಆಮೇಲೆ ನಿಮ್ಮ ವಿಷಯ ಎತ್ತಿ ದನಿ ತಗ್ಗಿಸಿದ.

“ಗಾಡಿ ಹೋದ್ರೆ ಹೋಗ್ಲಿ ಕಣಮ್ಮ. ಜುಂಜಯ್ಯಣ್ಣ ಪಂಪ್‌ಹೌಸ್‌ಗೂ ವಾಪಸ್ ಬರಲ್ಲ ಅಂತಾರೆ. ಗಾಡಿ ಲಿವರ್ ಮರ್ತೋನು ನಾಳೆ ವಾಲ್ವ್ ಮರೀದೆ ಇರ್ತೀನಾ ಅಂತಾರೆ. ದಿನಾ ಬೆಳಿಗ್ಗೆ ಕುಂತ್ಕಂಡು ಬೆಂಗಳೂರು ತನಕ ಸ್ಟೇಷನ್ ಹೆಸರು ಒಪ್ಪಿಸ್ತಾರೆ. ಒಂದು ತಪ್ಪಿದ್ರೂ ಅವತ್ತು ಊಟ ಸೇರಲ್ಲ.”

ದೊಡ್ಡಪ್ಪ, ಆ ಸ್ಟೇಷನ್ನುಗಳ ಹೆಸರು ನನಗೂ ಪೂರ್ತಿ ಬರುವುದಿಲ್ಲ. ನನಗೆ ಹದಿನೇಳು ವರ್ಷ.

ಇಲ್ಲಿ ಓದು ನಡೆಯುತ್ತಿದೆ ಎಂದು ಹೇಳಬೇಕು. ಫಿಸಿಕ್ಸ್ ಲ್ಯಾಬಿನಲ್ಲಿ ಮೊನ್ನೆ ಒಂದು ಕಾಯಿಲ್‌ನಿಂದ ಕಿಡಿ ಹಾರಿಸಿ ತೋರಿಸಿದರು. ನೀಲಿ, ಎಳ್ಳಿನಷ್ಟು. ಎಲ್ಲರೂ ನೋಟ್ಸ್ ಬರೆದುಕೊಂಡರು. ನಾನು ಮಾತ್ರ ಕೂತಲ್ಲಿಂದಲೇ ಹೊರಟುಹೋಗಿದ್ದೆ. ನನಗೆ ಆರು ವರ್ಷ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತಿದ್ದೇನೆ, ನಿಮ್ಮ ಗಡ್ಡ ನನ್ನ ನೆತ್ತಿಗೆ ಚುಚ್ಚುತ್ತಿದೆ. ಹೊಳಲ್ಕೆರೆ ಹಿಂದಾಯಿತು. ಯಲ್ಲದಕೆರೆಯಿಂದ ಬಂದ ಅಪ್ಪನ ಕುರಿಗಳು ರಸ್ತೆ ತುಂಬ. ನೀವು ಹಾರ್ನ್ ಒತ್ತಲಿಲ್ಲ. ಎಡಗೈಯ ಹತ್ತಿರ, ಕಿಡಿ ಹತ್ತುವ ಹೊತ್ತನ್ನು ಹಿಂದುಮುಂದು ಮಾಡುವ ಆ ಪುಟ್ಟ ಲಿವರನ್ನು ಹಿಂದಕ್ಕೆ ಎಳೆದಿರಿ, ಅಷ್ಟೆ. ಕಿಡಿ ತಡವಾಯಿತು, ಎಂಜಿನ್ ಧಕ್... ಧಕ್... ಎಂದು ಮೆಲ್ಲಗಾಯಿತು. ಎರಡು ಬಡಿತದ ನಡುವೆ ಕುರಿಗಳ ಗಂಟೆ ಕೇಳುವಷ್ಟು ಮೆಲ್ಲಗೆ. ಅವು ನೀರಿನ ಹಾಗೆ ಎರಡೂ ಕಡೆ ಸರಿದುಹೋದವು. ಅಪ್ಪ ಕೋಲೆತ್ತಿ ನಕ್ಕ. “ನೀನು ಅರ್ಧ ದೊರೆಸಾನಿ, ಇವ್ಳು ಪೂರ್ತಿ ದೊರೆಸಾನಿ” ಎಂದು ನೀವು ಟ್ಯಾಂಕ್ ತಟ್ಟಿದಿರಿ. ಕಾನ್ವೆಂಟ್ ಹಾಸ್ಟೆಲಿಗೆ ಸೇರಿ, ಕಾಟಮ್ಮ ಹೋಗಿ ಕೇಟಿ ಎಂದು ಕರೆಸಿಕೊಂಡು ಬಂದ ಮೊದಲ ರಜೆ ಅದು. ಲ್ಯಾಬಿನಲ್ಲಿ ಲೆಕ್ಚರರ್ ನನ್ನ ಹೆಸರು ಎರಡು ಸಲ ಕೂಗಿದರಂತೆ.

ಲಿವರ್ ಮಲಗಿಸುವುದನ್ನು ನೀವೇ ಕಲಿಸಿದ್ದು. ಗಾಡಿ ನಿಂತ ಕೂಡಲೇ, ಇಳಿಯುವ ಮೊದಲೇ, ಹಿಂದಕ್ಕೆ ಎಳೆದು ಮಲಗಿಸಬೇಕು. ಮುಂದಕ್ಕೆ ಎದ್ದಿದ್ದರೆ ಕಿಡಿ ಮೊದಲೇ ಹತ್ತಿ ಕಿಕ್ ತಿರುಗಿ ಒದೆಯುತ್ತದೆ. ಯುದ್ಧದ ಕಾಲದ ವರ್ಕ್‌ಶಾಪಿನಲ್ಲಿ ಒಬ್ಬ ಸಾರ್ಜೆಂಟ್ ಹೇಳಿಕೊಟ್ಟದ್ದು, ಇಪ್ಪತ್ತೆಂಟು ವರ್ಷ ಒಂದು ದಿನವೂ ತಪ್ಪಿಲ್ಲ ಎನ್ನುತ್ತಿದ್ದಿರಿ. ಅದಕ್ಕೇ ಬೆಳಿಗ್ಗೆ ನೋಡದೆಯೇ ಕಿಕ್ ಹೊಡೆಯುತ್ತಿದ್ದಿರಿ.

ಆಯುಧಪೂಜೆಯ ಮರುದಿನವೂ ಹಾಗೆಯೇ ಹೊಡೆದಿರಿ. ಚಕ್ರಕ್ಕೆ ನಿಂಬೆಹಣ್ಣು ಇಡಲು ನಾನು ಬಗ್ಗಿದ್ದೆ. ಕಿಕ್ ತಿರುಗಿ ಒದ್ದು ನಿಮ್ಮ ಕಾಲು ಮುರಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನೆಲದ ಮೇಲೆ ಬಿದ್ದುಕೊಂಡೇ ನೀವು ಲಿವರ್ ಕಡೆ ನೋಡಿದಿರಿ, ಆಮೇಲೆ ನಿಮ್ಮ ಎಡಗೈಯನ್ನು ನೋಡಿಕೊಂಡಿರಿ. ಯಾರಾದರೂ ಮುಟ್ಟಿದರಾ ಎಂದು ದೊಡ್ಡಮ್ಮ ಕೇಳಿದ್ದಕ್ಕೆ, “ಪೂಜೆ ಮಾಡಿಟ್ಟ ಗಾಡೀನ ಯಾರೇ ಮುಟ್ತಾರೆ? ನಾನೇ ಮಲಗಿಸಿಲ್ಲ. ನನ್ ಕೈಗೆ ಮರೆವು ಬಂದೈತೆ” ಎಂದಿರಿ. ಪೂಜೆಯಾದ ಮೇಲೆ ಬೆಳಗಾಗುವ ತನಕ ಕೈ ಸೋಕಿಸಬಾರದು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಿಂಬೆಹಣ್ಣು ನನ್ನ ಕೈಯಲ್ಲೇ ಇತ್ತು.

ಓಬಳೇಶಪ್ಪನವರಿಗೆ ಬರಬೇಡಿ ಎಂದು ಹೇಳಿಕಳಿಸಿ, ದೊಡ್ಡಪ್ಪ. ಬಂದರೂ ಕಾಫಿ ಕುಡಿಸಿ ನಾರ್ಟನ್‌ನಲ್ಲೇ ವಾಪಸ್ ಕಳಿಸಿ. ಪಂಪ್‌ಹೌಸಿನ ಬೀಗದ ಕೈ ಯಾರಿಗೂ ಕೊಡಬೇಡಿ. ದೊಡ್ಡಮ್ಮನಿಗೆ ಚಟ್ನಿಪುಡಿ ಖಾರ ಸರಿಯಾಗಿದೆ ಎಂದು ಹೇಳಿ. ನಿಮ್ಮಿಬ್ಬರ ಆಶೀರ್ವಾದ ನನ್ನ ಮೇಲಿರಲಿ, ಇದನ್ನು ಪೂರ್ತಿ ಓದಿದ ಮೇಲೂ ಇರಲಿ.

ನಿಮ್ಮ
ಕಾಟಮ್ಮ

ವಿ.ಸೂ.: ಅಂಟಿಸುವ ಮಡಿಕೆಯ ಮೇಲೆ ಬರೆಯುತ್ತಿದ್ದೇನೆ, ಜಾಗ ಇಷ್ಟೇ ಉಳಿದಿದೆ. ಪೂಜೆಯ ದಿನ ಊಟ ಮಾಡಿ ನೀವಿಬ್ಬರೂ ಮಲಗಿದ್ದಾಗ ನಾನು ಶೆಡ್ಡಿಗೆ ಹೋದೆ. ಹಾರ ಜಾರದ ಹಾಗೆ ಗಾಡಿ ಹತ್ತಿ ಕೂತು ಕಣ್ಣು ಮುಚ್ಚಿದೆ. ಸ್ಟ್ಯಾಂಡಿನ ಮೇಲೆಯೇ ಹೊಳಲ್ಕೆರೆ ದಾಟಿದೆ. ಹೊಸದುರ್ಗ ಕಳೆದು ಬಯಲು ಸಿಕ್ಕಾಗ ಲಿವರನ್ನು ಪೂರ್ತಿ ಮುಂದಕ್ಕೆ ತಳ್ಳಿದೆ. ಮಾರಿಕಣಿವೆಯ ನೀರು ಕಾಣುವಷ್ಟರಲ್ಲಿ ದೊಡ್ಡಮ್ಮ ಎದ್ದು ಕಾಫಿಗೆ ಕೂಗಿದರು. ಇಳಿದು ಓಡಿದೆ. ಹಿರಿಯೂರು ಇನ್ನೂ ಬಂದಿರಲಿಲ್ಲ, ದೊಡ್ಡಪ್ಪ. ನಾನು ಗಾಡಿ ನಿಲ್ಲಿಸಿರಲೇ ಇಲ್ಲ, ಲಿವರನ್ನೂ ಮಲಗಿಸಲಿಲ್ಲ. ನಿಮ್ಮ ಕೈ ಪೂಜೆಯ ಹಿಂದಿನ ದಿನವೇ ಅದನ್ನು ಮಲಗಿಸಿತ್ತು, ನಾನು ನೋಡಿದ್ದೆ.