ಹೊಲಿಗೆ ಹೊರಗಿರಲಿ

ಊದ್ ಮೇಥಾ, ದುಬೈ
೮ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ಲೂರ್ದ್ ಟೀಚರಿಗೆ,

ವಾರಿಜಾಕ್ಷಿಯ ನಮಸ್ಕಾರಗಳು. ನಿಮ್ಮ ಮೊಣಕಾಲಿನ ನೋವು ಇಳಿದಿದೆಯೆಂದೂ, ಮತ್ತೆ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದೀರೆಂದೂ ನಿಮ್ಮ ತಮ್ಮನ ಮಗ ರೇಮಂಡ್ ಹೇಳಿದ. ಕೇಳಿ ಸಮಾಧಾನವಾಯಿತು. "ಕೈಗವಸು ಸರಿಯಾಯಿತೇ, ಕಾರ್ಯಕ್ರಮ ಹೇಗಾಯಿತು, ಯಾಕೆ ಮಾತಿಲ್ಲ?" ಎಂದು ನೀವು ನನ್ನ ಮಗಳು ಶರ್ಮಿಳಾಳ ಮೊಬೈಲಿಗೆ ಮೇಲಿಂದ ಮೇಲೆ ಹೇಳಿ ಕಳುಹಿಸಿದಿರಿ. ಉತ್ತರಿಸದೆ ಇದ್ದುದು ನನ್ನದೇ ತಪ್ಪು, ಕ್ಷಮಿಸಬೇಕು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಈ ಫ್ಲ್ಯಾಟಿನಲ್ಲಿ ಒಂದು ಕೋಣೆಯ ಮಾತು ಇನ್ನೊಂದಕ್ಕೆ ಕೇಳಿಸುತ್ತದೆ. ಮೊಮ್ಮಗಳು ಶ್ರೀನಿಧಿಯ ಕಿವಿಗೆ ಬೀಳಬಾರದ ಸಂಗತಿಗಳನ್ನು ಬರೆಯುವುದೇ ಮೇಲು. ರೇಮಂಡ್ ಕ್ರಿಸ್ಮಸ್ಸಿಗೆ ಊರಿಗೆ ಹೊರಟಿದ್ದಾನೆ. ಈ ಕಾಗದ ಅವನ ಕೈಯಲ್ಲಿ ಬರುತ್ತಿದೆ.

ಮೊದಲು ಮಗುವಿನ ಆರೋಗ್ಯ. ಅಕ್ಟೋಬರಿನಲ್ಲಿ ಧೂಳಿನ ಗಾಳಿ ಬೀಸಿದ ಮೇಲೆ ಶ್ರೀನಿಧಿಯ ಎಕ್ಸಿಮಾ ಹಿಂದೆಂದೂ ಇಲ್ಲದಷ್ಟು ಕೆರಳಿತು. ಮೊದಲು ಮೊಣಕಾಲಿನ ಹಿಂಬದಿ, ಆಮೇಲೆ ಮೊಣಕೈಯ ಮಡಿಕೆ, ಕೊನೆಗೆ ಮಣಿಕಟ್ಟು ಮತ್ತು ಬೆರಳುಗಳು. ಚರ್ಮ ಬಿರಿದು ನೀರು ಸೋರತೊಡಗಿತು. ಹೊರಗೆ ಉರಿಬಿಸಿಲು, ಒಳಗೆ ಎ.ಸಿ.ಯ ಒಣ ಗಾಳಿ. ಮಗು ಎಲ್ಲಿ ನಿಂತರೂ ಚರ್ಮಕ್ಕೆ ನೆಮ್ಮದಿಯಿಲ್ಲ. ಬೆಳಿಗ್ಗೆ ಹಾಸಿಗೆ ಬಟ್ಟೆಯನ್ನು ತಾಯಿ ನೋಡುವುದಕ್ಕೆ ಮುಂಚೆ ನಾನು ತೆಗೆದು ತಣ್ಣೀರಿನಲ್ಲಿ ನೆನೆಸಿಡುತ್ತಿದ್ದೆ. ರಕ್ತದ ಕಲೆ ಬಿಸಿನೀರಿಗೆ ಹೋಗುವುದಿಲ್ಲವೆಂದು ಕಲಿಸಿದವರು ನೀವೇ.

ಏಳು ವರ್ಷದ ಮಗುವಿನ ದಿನಚರಿ ಕೇಳಿ. ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪವೇ ಹೊತ್ತು ಸ್ನಾನ. ಒರೆಸುವ ಹಾಗಿಲ್ಲ, ಬಟ್ಟೆಯನ್ನು ಒತ್ತಿ ನೀರು ತೆಗೆಯಬೇಕು. ಮೈ ಆರುವ ಮುನ್ನ ಕೆರಳಿದಲ್ಲಿಗೆ ಡಾಕ್ಟರು ಕೊಟ್ಟ ಔಷಧ, ಉಳಿದ ಮೈಗೆಲ್ಲ ದಪ್ಪ ಮುಲಾಮು. ಅದರ ಮೇಲೆ ಒದ್ದೆ ಹತ್ತಿಯ ಪಟ್ಟಿ, ಅದರ ಮೇಲೆ ಒಣ ಪಟ್ಟಿ. ಈ ಪಟ್ಟಿಗಳನ್ನು ನಮ್ಮವರ ಹಳೆಯ ಮುಂಡುಗಳಿಂದ ಹರಿದು ಮಾಡಿಕೊಂಡೆ. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯ ತಳದಲ್ಲಿಟ್ಟುಕೊಂಡು ಬಂದಿದ್ದೆ. ಒಗೆದೊಗೆದು ಹೂವಿನಷ್ಟು ಮೆತ್ತಗಾದ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ.

"ಇದು ಅಜ್ಜನ ಬಟ್ಟೆಯಾ?" ಎಂದು ಕೇಳಿದಳು.

"ಹೌದು ಮಗಾ."

"ಅಜ್ಜನಿಗೆ ಕೋಪ ಬರಲ್ವಾ, ಹರಿದದ್ದಕ್ಕೆ?"

"ಅಜ್ಜನಿದ್ದಿದ್ದರೆ ಅವರೇ ಹರಿದುಕೊಡುತ್ತಿದ್ದರು," ಎಂದೆ.

ನನ್ನ ಸ್ವಭಾವ ನಿಮಗೆ ಗೊತ್ತಲ್ಲ. ಕಾಯಿಲೆಯಲ್ಲೂ ಪಾಠ ಬಿಡಲಿಲ್ಲ. "ಅಜ್ಜೀ, ಇಚಿಂಗ್" ಎಂದು ಎಲ್ಲದಕ್ಕೂ ಒಂದೇ ಮಾತು ಹೇಳುತ್ತಿದ್ದಳು. ತುರಿಕೆ ಬೇರೆ, ಉರಿ ಬೇರೆ, ಚರ್ಮ ಬಿಗಿಯುವುದು ಬೇರೆ, ಸರಿಯಾಗಿ ಹೇಳಿದರೆ ಸರಿಯಾದ ಮದ್ದು ಹಚ್ಚುತ್ತೇನೆ ಎಂದು ಕಲಿಸಿದೆ. ಎರಡೇ ದಿನದಲ್ಲಿ ಕಲಿತಳು. ಆಸ್ಪತ್ರೆಯಲ್ಲಿ, "ಇವತ್ತು ತುರಿಕೆ ಕಮ್ಮಿ, ಉರಿ ಜಾಸ್ತಿ" ಎಂದು ಅಚ್ಚಗನ್ನಡದಲ್ಲಿ ಹೇಳಿದಾಗ, ಮಲಯಾಳಿ ಡಾಕ್ಟರಿಗೆ ನಾನೇ ದುಭಾಷಿಯಾಗಬೇಕಾಯಿತು. ಅಂದು ನನಗೆ ಹೆಮ್ಮೆಯಾಗಿತ್ತು. ಈಗ ಕೇಳಿಕೊಳ್ಳುತ್ತೇನೆ: ಯಾವ ಮಗುವಾದರೂ ಕಲಿಯಬೇಕಾದ ಪದಗಳೇ ಅವು?

ಸಲಹೆಗಳಿಗೇನೂ ಬರವಿಲ್ಲ. ಅಳಿಯ ಕೀರ್ತನನ ತಾಯಿ ಕಾಪುವಿನಿಂದ ಫೋನು ಮಾಡಿ, "ಇದು ನಾಗನ ಉಪದ್ರವೇ ವಾರಿಜಕ್ಕ, ಜೋಯಿಸರಲ್ಲಿ ಒಂದು ಪ್ರಶ್ನೆ ಇಡಿಸುವ," ಎಂದರು. ಇಡಿಸಿ ಎಂದೆ, ಮಗುವಿಗೋಸ್ಕರ ಯಾರು ಎಲ್ಲಿ ಕೈಮುಗಿದರೂ ನಾನು ಬೇಡವೆನ್ನುವುದಿಲ್ಲ. ಮುಲಾಮನ್ನು ಮಾತ್ರ ನಿಲ್ಲಿಸುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಲಿಫ್ಟಿನಲ್ಲಿ ಸಿಕ್ಕಿದ ಒಬ್ಬ ಹೆಂಗಸು, "ಅಯ್ಯೋ, ಬಿಸಿನೀರು ಚೆಲ್ಲಿಕೊಂಡಳಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಶ್ರೀನಿಧಿಯೇ, "ಇಲ್ಲ ಆಂಟೀ, ನಾನು ಹೀಗೇ," ಎಂದಳು.

ಇನ್ನು ಕೈಗವಸಿನ ವಿಷಯ. ಇಲ್ಲಿ ಶನಿವಾರದ ಕನ್ನಡ ತರಗತಿ ನಡೆಸುತ್ತಿದ್ದೇನೆಂದು ಬರೆದಿದ್ದೆನಷ್ಟೆ. ರಾಜ್ಯೋತ್ಸವಕ್ಕೆ ನನ್ನ ಮಕ್ಕಳಿಂದ ಫುಗಡಿ ಆಡಿಸುವುದೆಂದು ಒಪ್ಪಿಕೊಂಡಿದ್ದೆ. ನಮ್ಮ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಆಡಿಸುತ್ತಿದ್ದ ಅದೇ ಆಟ: ಇಬ್ಬರು ಹುಡುಗಿಯರು ಕೈಗಳನ್ನು ಅಡ್ಡಲಾಗಿ ಹಿಡಿದು, ಕಾಲ್ಬೆರಳುಗಳನ್ನು ಜೋಡಿಸಿ, ಹಿಂದಕ್ಕೆ ಬಾಗಿ ಗಿರ್ರನೆ ಸುತ್ತುವುದು. ಒಬ್ಬಳು ಕೈಬಿಟ್ಟರೆ ಇನ್ನೊಬ್ಬಳು ಬೀಳುತ್ತಾಳೆ.

ಶ್ರೀನಿಧಿಯ ಜೋಡಿ ಅಸೀಲಾ. ಭಟ್ಕಳದ ಕಡೆಯ ಮಗು, ನಮ್ಮ ಕಟ್ಟಡದಲ್ಲೇ ಇದ್ದಾಳೆ, ಇವಳ ಪ್ರಾಣಸ್ನೇಹಿತೆ. ಅಭ್ಯಾಸದ ದಿನ ಎರಡು ಸುತ್ತು ಚೆನ್ನಾಗಿ ಬಂತು. ಮೂರನೆಯದರಲ್ಲಿ ಅಸೀಲಾ ತಟ್ಟನೆ ಕೈ ಬಿಟ್ಟಳು. ಶ್ರೀನಿಧಿ ಹಿಂದಕ್ಕೆ ಬಿದ್ದು ತಲೆಯನ್ನು ಕುರ್ಚಿಯ ಕಾಲಿಗೆ ಬಡಿದುಕೊಂಡಳು.

"ಯಾಕೆ ಬಿಟ್ಟೆ?" ಎಂದು ಗದರಿದೆ.

"ಟೀಚರ್, ಅವಳ ಕೈ ಒದ್ದೆ ಒದ್ದೆ ಉಂಟು... ಜಾರಿತು," ಎಂದು ಅಸೀಲಾ ತಾನೂ ಅತ್ತಳು. ಅವಳ ಅಂಗೈಯಲ್ಲಿ ನಮ್ಮ ಮಗುವಿನ ರಕ್ತದ ಒಂದು ಗೆರೆಯಿತ್ತು.

ಗೋಡೆಯ ಪಕ್ಕದಲ್ಲಿ ಕುಳಿತಿದ್ದ ತಾಯಂದಿರೆಲ್ಲ ಅದನ್ನು ನೋಡಿದರು. ಮರುದಿನ ಅವರ ಪರವಾಗಿ ಪ್ಯಾಟ್ರಿಶಿಯಾ ಎಂಬವರು ಬಂದರು. ಒಳ್ಳೆಯ ಹೆಂಗಸು, ಕೈಯಲ್ಲಿ ಕೇಕಿತ್ತು. "ತಪ್ಪು ತಿಳ್ಕೊಳ್ಬೇಡಿ ಟೀಚರ್, ಇದು ಅಂಟುವ ಕಾಯಿಲೆ ಅಲ್ಲ ಅಂತ ನಮಗೂ ಗೊತ್ತುಂಟು. ಆದ್ರೂ ಮಕ್ಕಳಲ್ವಾ? ಶ್ರೀನಿಧಿಗೆ ಬೇರೆ ಏನಾದ್ರೂ ಕೊಡ್ಲಿಕ್ಕೆ ಆಗ್ತದಾ? ಒಂದು ಸೋಲೋ ಸಾಂಗ್?" ಎಂದರು.

ಅಂಟುವ ಕಾಯಿಲೆಯಲ್ಲವೆಂದು ಗೊತ್ತಿದ್ದ ಮೇಲೆ ಬೇರೆಯದೇಕೆ ಎಂದು ಕೇಳಿದೆ. ಅವರು ಕೇಕಿನ ಡಬ್ಬವನ್ನು ನನ್ನ ಕಡೆ ಸರಿಸಿ ಎದ್ದರು.

ಅವರು ಹೋದ ಮೇಲೆ ಶರ್ಮಿಳಾ, "ಬೇಡ ಅಮ್ಮಾ, ಬಿಡಿಸಿಬಿಡುವ. ಅಷ್ಟು ಜನರ ಎದುರು ನನ್ನ ಮಗು ಬೀಳುವುದು ಬೇಡ," ಎಂದಳು. ನಿದ್ದೆಗೆಟ್ಟು ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಆದರೆ ಒಪ್ಪಲು ನನ್ನಿಂದಾಗಲಿಲ್ಲ. ನನ್ನ ತರಗತಿಯಿಂದ ಯಾವ ಮಗುವನ್ನೂ ಎಬ್ಬಿಸಿ ಕಳುಹಿಸಿದವಳಲ್ಲ ನಾನು. ಆಗಲೇ ನನಗೆ ಹೊಳೆದದ್ದು: ತುರಿಸಿಕೊಳ್ಳದಿರಲೆಂದು ಮಲಗುವಾಗ ಅವಳಿಗೆ ತೊಡಿಸುತ್ತಿದ್ದ ಹತ್ತಿಯ ಕೈಗವಸನ್ನು ಎಲ್ಲರಿಗೂ ತೊಡಿಸಿದರೆ? ಹಸಿರು ಲಂಗ, ಬಿಳಿಯ ಕೈಗವಸು. ಎಲ್ಲರೂ ಒಂದೇ. ಯಾರ ಕೈ ಯಾರಿಗೂ ತಾಗುವುದಿಲ್ಲ, ಯಾರೂ ಹೊರಗುಳಿಯುವುದಿಲ್ಲ.

ತಾಯಂದಿರೆಲ್ಲ ತಕ್ಷಣ ಒಪ್ಪಿದರು. ಕೀರ್ತನ್ ಮಾತ್ರ ಊಟದ ತಟ್ಟೆಯಿಂದ ತಲೆಯೆತ್ತದೆ, "ಮಾಮಿ, ಈ ಗ್ಲೌಸ್ ನಿಧಿಗೋಸ್ಕರವಾ, ಅವರಿಗೋಸ್ಕರವಾ?" ಎಂದು ಕೇಳಿದ. "ಗ್ಲೌಸ್ ಅಲ್ಲ, ಕೈಗವಸು," ಎಂದು ತಿದ್ದಿದೆ.

ಆಮೇಲಿನದು ನಿಮಗೆ ಗೊತ್ತಿದೆ. ಕಾಗದದ ಮೇಲೆ ಮಗುವಿನ ಕೈಯಿಟ್ಟು ಗೆರೆ ಎಳೆದು ಕಳುಹಿಸಿ ಎಂದಿರಿ, ಕಳುಹಿಸಿದೆ. ನೀವು ನಮೂನೆ ಕತ್ತರಿಸಿ, "ಹೊಲಿಗೆ ಹೊರಗಿರಲಿ, ಒಳಗಿದ್ದರೆ ಗಾಯಕ್ಕೆ ಉಜ್ಜುತ್ತದೆ," ಎಂದು ಬರೆದಿದ್ದಿರಿ. ಎಂಥ ಸೂಕ್ಷ್ಮ! ಇವಳೊಬ್ಬಳದು ಬೇರೆಯಾಗಿ ಕಾಣಬಾರದೆಂದು ಎಲ್ಲರದ್ದನ್ನೂ ಹಾಗೆಯೇ ಹೊಲಿಯಲು ಹೇಳಿದೆ. ಇಲ್ಲಿಯ ಸತ್ವಾ ಪೇಟೆಯ ದರ್ಜಿ ಹಾಶಿಮ್ ಸಾಹೇಬರು ತಲೆ ಚಚ್ಚಿಕೊಂಡರು. "ಟೀಚರಮ್ಮಾ, ಒಳಗಿನ ಹೊಲಿಗೆ ಹೊರಗೆ ಕಂಡ್ರೆ ಜನ ನನಗೆ ಕಣ್ಣು ಕಾಣುದಿಲ್ಲ ಅಂತಾರೆ! ಅಲ್ಲಾ, ಇದು ಯಾವ ಬ್ಯಾಂಡ್ ಪಾರ್ಟಿಗೆ?" ಎಂದರು. ಬ್ಯಾಂಡಿನವರಿಗಲ್ಲ, ಮಕ್ಕಳಿಗೆ ಎಂದ ಮೇಲೆ ಅತ್ಯಂತ ಮೆತ್ತನೆಯ ಬಟ್ಟೆ ಹುಡುಕಿ ಹೊಲಿದುಕೊಟ್ಟರು.

ಕಾರ್ಯಕ್ರಮ ಬಹಳ ಚೆನ್ನಾಯಿತು, ಲೂರ್ದ್ ಟೀಚರ್. ದೀಪದ ಬೆಳಕಿನಲ್ಲಿ ಆ ಬಿಳಿಯ ಕೈಗಳು ಸುತ್ತುತ್ತಿದ್ದುದನ್ನು ನೋಡಿ ಸಭಾಂಗಣವೇ ಎದ್ದು ನಿಂತಿತು. ಶ್ರೀನಿಧಿಯ ಲಂಗ ಕೊಡೆಯ ಹಾಗೆ ಬಿಚ್ಚಿಕೊಂಡಿತು. ತಲೆ ಹಿಂದಕ್ಕೆ ಹಾಕಿ ಗಟ್ಟಿಯಾಗಿ ನಗುತ್ತಿದ್ದಳು. ಅಸೀಲಾ ಕೈ ಬಿಡಲಿಲ್ಲ. "ಟೀಚರ್, ಗ್ಲೌಸ್ ಐಡಿಯಾ ಸೂಪರ್! ಮುಂದಿನ ವರ್ಷವೂ ಇರ್ಲಿ," ಎಂದು ಪ್ಯಾಟ್ರಿಶಿಯಾ ನನ್ನನ್ನು ಅಪ್ಪಿಕೊಂಡರು. ಶರ್ಮಿಳಾ ಮೂಲೆಯಲ್ಲಿ ನಿಂತು ಅತ್ತಳು. ಸಂತೋಷಕ್ಕೆಂದೇ ನಾನು ತಿಳಿದೆ. ಒಂದು ಭಾವಚಿತ್ರವನ್ನು ಇದರೊಂದಿಗೆ ಇಟ್ಟಿದ್ದೇನೆ. ಅದರಲ್ಲಿ ಕಾಣುವ ಕೈಗಳಲ್ಲಿ ನಮ್ಮ ಮಗುವಿನದು ಯಾವುದೆಂದು ನೀವು ಗುರುತಿಸಲಾರಿರಿ. ಅಂದು ನಾನು ಬಯಸಿದ್ದು ಅದನ್ನೇ.

ಈಗ ಹವೆ ತಂಪಾಗಿದೆ, ಎ.ಸಿ. ಬೇಕಾಗುತ್ತಿಲ್ಲ. ಔಷಧವೂ ಹಿಡಿದಿದೆ. ಗಾಯಗಳು ಒಣಗಿ, ಬೆರಳುಗಳ ಮೇಲೆ ಎಳೆಯ ಚರ್ಮ ಬಂದಿದೆ. ಮತ್ತೆ ಕೆರಳಬಹುದು, ಎಚ್ಚರದಿಂದಿರಿ ಎಂದಿದ್ದಾರೆ ಡಾಕ್ಟರು. ಆದರೂ ಸದ್ಯಕ್ಕೆ ಹಾಸಿಗೆಯ ಮೇಲೆ ಕಲೆಯಿಲ್ಲ.

ನಿಮ್ಮಿಂದ ಇನ್ನೊಂದು ಉಪಕಾರವಾಗಬೇಕು. ಅದೇ ಕೈಗವಸಿನ ನಮೂನೆಯನ್ನು ದೊಡ್ಡವರ ಕೈಯ ಅಳತೆಗೆ ಕತ್ತರಿಸಿ ರೇಮಂಡ್ ಮರಳುವಾಗ ಕಳುಹಿಸಿ. ಅಳತೆ ಈ ಹಾಳೆಯ ಹಿಂಬದಿಯಲ್ಲಿದೆ.

ಹಬ್ಬ ನಿಮ್ಮ ಮನೆಗೆ ಸುಖ ತರಲಿ. ಬಾಲಯೇಸುವಿನ ಗೋದಲಿಯ ಮುಂದೆ ಮೇಣದ ಬತ್ತಿ ಹಚ್ಚುವಾಗ ನಮ್ಮ ಮಗುವಿನ ಹೆಸರನ್ನೂ ಒಮ್ಮೆ ಹೇಳಿ. ನಿಮ್ಮ ಮೊಮ್ಮಕ್ಕಳೆಲ್ಲರಿಗೂ ನನ್ನ ಆಶೀರ್ವಾದ. ಚಳಿಯಲ್ಲಿ ಮೊಣಕಾಲು ಜೋಪಾನ.

ಇಂತು ನಿಮ್ಮ
ವಾರಿಜಾಕ್ಷಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ.

ಕಳೆದ ವಾರ ಇಲ್ಲಿಯ ರಾಷ್ಟ್ರೀಯ ದಿನದ ರಜೆಯಲ್ಲಿ ಅಸೀಲಾ ಮನೆಗೆ ಬಂದಿದ್ದಳು. ಬರಿಗೈಗಳನ್ನು ಚಾಚಿ, "ಬಾ ನಿಧಿ, ಫುಗಡಿ ಹಾಕುವಾ. ಈಗ ಒದ್ದೆ ಇಲ್ಲ ಅಲ್ವಾ?" ಎಂದಳು. ಶ್ರೀನಿಧಿ ಎರಡು ಕೈಗಳನ್ನೂ ಬೆನ್ನ ಹಿಂದೆ ಅಡಗಿಸಿಕೊಂಡಳು. "ವೇಟ್, ಗ್ಲೌಸ್ ಹಾಕ್ತೇನೆ," ಎಂದು ಒಳಗೆ ಓಡಿದಳು. "ಬೇಡ, ಹಾಗೇ ಬಾ!" ಎಂದು ಆ ಮಗು ಕೂಗುತ್ತಿತ್ತು. ಇವಳು ಹೊರಗೆ ಬರುವಾಗ ಎರಡು ಜೊತೆ ತಂದಿದ್ದಳು. ಅಸೀಲಾ ತೊಟ್ಟುಕೊಳ್ಳುವವರೆಗೂ ಹತ್ತಿರ ಹೋಗಲಿಲ್ಲ.

ಅಂದಿನಿಂದ ಎಚ್ಚರವಾಗಿರುವಾಗಲೂ ಕೈಗವಸು ತೆಗೆಯುತ್ತಿಲ್ಲ. ಸಂಜೆ ಮುಲಾಮಿನ ಡಬ್ಬ ಹಿಡಿದು ಪಕ್ಕದಲ್ಲಿ ಕುಳಿತರೆ ಸರಿದು ಕೂರುತ್ತಾಳೆ. ಅವಳ ಮಾತನ್ನು ಅವಳು ಆಡಿದ ಹಾಗೆಯೇ ಬರೆಯುತ್ತೇನೆ, ತಿದ್ದುವುದಿಲ್ಲ: "ಅಜ್ಜೀ, ಫಸ್ಟ್ ನೀವೂ ಗ್ಲೌಸ್ ಹಾಕ್ಕೊಳ್ಳಿ. ನಿಮ್ಮ ಕೈ ಹಾಳಾಗ್ತದೆ."

ಇದು ಅಂಟುವುದಿಲ್ಲ ಮಗಾ ಎಂದೆ.

"ಗೊತ್ತುಂಟು," ಎಂದಳು. "ಎಲ್ಲರಿಗೂ ಗೊತ್ತುಂಟು. ಆದ್ರೂ ಹಾಕ್ಕೊಳ್ಳಿ."

ಅವಳಿಗೆ ಮುಲಾಮು ಹಚ್ಚಲೇಬೇಕು. ಒಂದು ದಿನ ತಪ್ಪಿದರೂ ಮತ್ತೆ ಬಿರಿಯುತ್ತದೆ. ನಮೂನೆ ಕೇಳಿದ್ದು ಅದಕ್ಕೇ. ಹಿಂಬದಿಯಲ್ಲಿರುವುದು ನನ್ನ ಕೈ. ಗೆರೆ ಎಳೆದವಳು ಶ್ರೀನಿಧಿ. ತನ್ನ ಬೆರಳು ನನ್ನ ಬೆರಳಿಗೆ ಎಲ್ಲಿಯೂ ತಾಗದಂತೆ ಬಹಳ ಜಾಗ್ರತೆಯಿಂದ ಎಳೆದಳು. ಆದ್ದರಿಂದ ಗೆರೆ ಕೈಯಿಂದ ಅಷ್ಟು ದೂರ ಹೋಗಿದೆ. ಕತ್ತರಿಸುವಾಗ ಸ್ವಲ್ಪ ಒಳಕ್ಕೆ ಹಿಡಿಯಿರಿ.