ಮಾಜಿದನ ಕೊಳವೆ

ಅಕ್ಟೋಬರ್ ೧೮, ಶುಕ್ರವಾರ

ಮೀನಿನ ಗಾಜಿನ ತೊಟ್ಟಿಯ ನೀರು ಮತ್ತೆ ಒಂದು ಬೆರಳು ಇಳಿದಿತ್ತು. ಹೆಂಡತಿ ಮೌಝಾ ಏಳುವ ಮೊದಲೇ ಸಮುದ್ರಕ್ಕೆ ಹೋಗಿ ಎರಡು ಕ್ಯಾನ್ ತುಂಬಿಸಿ ತಂದು ಸುರಿದೆ. ಸೊಂಟ ಹಿಡಿದುಕೊಂಡಿದೆ. ಇರಲಿ. ನಮ್ಮ ಮುಹರ್ರಕ್‌ನ ಸಮುದ್ರಕ್ಕಿಂತ ಒಳ್ಳೆಯ ಉಪ್ಪುನೀರು ಅಂಗಡಿಯಲ್ಲಿ ಸಿಗುತ್ತದೆಯೇ?

ಮಧ್ಯಾಹ್ನ ಅಕ್ಕ ಲತೀಫಾ ಊಟಕ್ಕೆ ಬಂದಳು. ಮೀನಿನ ಮಚ್‌ಬೂಸ್ ಅನ್ನ ಕಲಸುತ್ತಾ ತೊಟ್ಟಿಯ ಕಡೆ ಗದ್ದ ತೋರಿಸಿದಳು. "ಅಲ್ವೋ ಘಾನಿಂ, ಹೆಂಡ್ತಿಯ ಮೊದಲ್ನೇ ಗಂಡನ ಮೀನು ಸಾಕೋಕೆ ಅಂತ ಅರವತ್ತು ದಾಟಿದ್ಮೇಲೆ ಮದ್ವೆ ಆದ್ಯೇನೋ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮೌಝಾಗೆ ಕೇಳಿಸಿದೆ.

"ನಿನ್ ಥರ ಅದು ಬಾಯ್ ಮಾಡಲ್ಲ ಅಕ್ಕಾ, ಅದಕ್ಕೇ ಸಾಕ್ತೀನಿ," ಅಂದೆ. ಅಕ್ಕ ನಕ್ಕಳು. ಒಳಗೆ ಪಾತ್ರೆ ಮತ್ತೆ ಸದ್ದು ಮಾಡಿತು.

ಅಕ್ಟೋಬರ್ ೨೨

ನಮ್ಮ ಮೀನು, ಝಾಫ್ರಾನ್, ತಿನ್ನುತ್ತಿಲ್ಲ. ನಿನ್ನೆಯೂ ಇಲ್ಲ. ಮೂಲೆ ಹಿಡಿದು ಕೂತಿದೆ. ಕಿವಿರು ಪಟಪಟ. ಕೇಸರಿ ಬಣ್ಣ ಮಾಸಿದ ಹಾಗೆ...

ನಿಕಾಹ್‌ಗೆ ಮೊದಲು ಮೌಝಾ ಇಟ್ಟದ್ದು ಒಂದೇ ಷರತ್ತು. ಮೀನೂ ಬರುತ್ತದೆ. ಒಂದು ಪೆಟ್ಟಿಗೆ, ಒಂದು ತೊಟ್ಟಿ, ಅಷ್ಟೇ ಹಿಡಿದು ಬಂದಳು. ಅವಳ ಮೊದಲ ಗಂಡ ಮಾಜಿದ್ ಅದನ್ನು ಹೆಬ್ಬೆರಳ ಉಗುರಿನಷ್ಟಿದ್ದಾಗ ತಂದದ್ದಂತೆ. ಆತ ತೀರಿಕೊಂಡು ನಾಲ್ಕು ವರ್ಷವಾಯಿತು. ಮೀನು ಇದೆ.

ನನ್ನ ಮನೆಯಲ್ಲಿ ಅದು ಸಾಯಬಾರದು. ಸತ್ತರೆ ಅವಳು ಒಂದು ಮಾತೂ ಅನ್ನುವುದಿಲ್ಲ. ನನಗೆ ಹೆದರಿಕೆ ಇರುವುದೇ ಆ ಮೌನಕ್ಕೆ.

ಅಕ್ಟೋಬರ್ ೨೪

ಮನಾಮಾದ ಮೀನಿನ ಅಂಗಡಿಗೆ ಹೋಗಿ ಬಂದೆ. ಮಾಲೀಕ ಸಬ್ರಿ, ಈಜಿಪ್ಟಿನವನು, ತೂಕದ ಆಳು.

"ನೀರು ಕಮ್ಮಿ ಆದ್ರೆ ಏನ್ ಹಾಕ್ತೀರಿ ಹಾಜಿ?"

"ಸಮುದ್ರದ ನೀರು. ಫ್ರೆಶ್ಶು."

ಹಣೆ ಚಚ್ಚಿಕೊಂಡ. "ಅಯ್ಯೋ ದೇವ್ರೇ! ಆರಿ ಹೋಗೋದು ಬರೀ ನೀರು. ಉಪ್ಪು ಒಳಗೇ ಕೂತಿರುತ್ತೆ. ಅದರ ಮೇಲೆ ಮತ್ತೆ ಉಪ್ಪುನೀರು ಹಾಕಿದ್ರಾ? ಅದೂ ಕೊಲ್ಲಿ ನೀರು! ಪ್ರಪಂಚದ ಬೇರೆ ಸಮುದ್ರಕ್ಕಿಂತ ಉಪ್ಪು ಜಾಸ್ತಿ ಇದರಲ್ಲಿ. ನಿಮ್ ಮೀನು ದೂರದ್ದು, ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು ಇದ್ರೆ ಸಾಕು ಅದಕ್ಕೆ. ಮೊದ್ಲು ಉಪ್ಪು ಅಳೀರಿ. ಆಮೇಲೆ ಸಿಹಿನೀರು ಹಾಕಿ ದಿನಾ ಸ್ವಲ್ಪ ಸ್ವಲ್ಪ ಇಳಿಸಿ. ಒಂದೇ ಸಲಕ್ಕೆ ಇಳಿಸಿದ್ರೆ ಅದೂ ಸಾವೇ."

ಮೇಜಿನ ಮೇಲೆ ಮೂರು ಸಾಮಾನು ಇಟ್ಟ. ಒಂದು ಡಿಜಿಟಲ್ ಮೀಟರ್. ಬ್ಯಾಟರಿ ಸಾಮಾನನ್ನು ನಾನು ನಂಬುವುದಿಲ್ಲ. ಇನ್ನೊಂದು ಪ್ಲಾಸ್ಟಿಕ್ ಡಬ್ಬಿ, ನೀರು ತುಂಬಿದರೆ ಒಳಗಿನ ಮುಳ್ಳು ಮೇಲೇಳುತ್ತದೆ. ಮೂರನೆಯದು ಗೇಣುದ್ದದ ಕೊಳವೆ. ತುದಿಯ ಗಾಜಿಗೆ ಒಂದು ತೊಟ್ಟು ನೀರು ಬಿಟ್ಟು, ಬೆಳಕಿಗೆ ಹಿಡಿದು, ಕಣ್ಣಿಟ್ಟು ಉಪ್ಪಿನ ಅಳತೆ ಓದಬೇಕು. ಬಾಯಿ ತಿರುಗದ ಹೆಸರು ಹೇಳಿದ.

"ಇದೇ ತಗೊಳ್ಳಿ. ಜೀವಮಾನ ಬರುತ್ತೆ."

ಕೊಳವೆಯನ್ನು ಮುಟ್ಟಲಿಲ್ಲ. ಅಂಥದ್ದೇ ಒಂದು ಮೌಝಾಳ ಪೆಟ್ಟಿಗೆಯಲ್ಲಿದೆ. ಬಂದ ದಿನ ಕಣ್ಣಿಗೆ ಬಿದ್ದಿತ್ತು, ಅವಳು ಬಟ್ಟೆಯ ಕೆಳಗೆ ಸರಿಸಿದಳು. ಮಾಜಿದನದು. ಮನೆಗೆ ಇನ್ನೊಂದು ಒಯ್ದರೆ ಸತ್ತವನ ಜೊತೆ ಪೈಪೋಟಿಗೆ ಬಿದ್ದ ಹಾಗೆ. ಮುಳ್ಳಿನ ಡಬ್ಬಿ ತಂದೆ.

ಅಕ್ಟೋಬರ್ ೨೫, ಬೆಳಿಗ್ಗೆ

ಹಾಳು ಡಬ್ಬಿ! ಮುಳ್ಳು ಗೋಡೆಗೆ ಉಜ್ಜಿದರೆ ಮೂವತ್ತಾರು ಅನ್ನುತ್ತದೆ. ಗುಳ್ಳೆ ಅಂಟಿದರೆ ಮೇಲಿನ ತುದಿಗೇ ಹೋಗಿ ನಿಲ್ಲುತ್ತದೆ. ಯಾವುದನ್ನು ನಂಬಲಿ? ಎಷ್ಟು ಸಿಹಿನೀರು ಹಾಕಲಿ? ಜೀವಮಾನವಿಡೀ ದೋಣಿ ಇಂಜಿನ್ ಬಿಚ್ಚಿದವನು ನಾನು. ಬೆರಳುದ್ದದ ಮೀನಿನ ಮುಂದೆ ಡಬ್ಬಿ ಮತ್ತೆ ಮತ್ತೆ ತುಂಬಿಸಿ ಚೆಲ್ಲುತ್ತಿದ್ದೇನೆ.

ಮೌಝಾ ಹಿಂದೆ ನಿಂತು ನೋಡುತ್ತಿದ್ದಳು. ತನ್ನ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಅದೇ ದಿನ, ಸಂಜೆಯ ಅಸರ್ ನಮಾಜಿನ ನಂತರ

ಝಾಫ್ರಾನ್ ಒಂದು ಮಗ್ಗುಲಿಗೆ ವಾಲಿದೆ.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಕಟ್ಟುಪಾಡು ಇತ್ತು. ಸತ್ತವನ ಸ್ಪ್ಯಾನರ್ ಪೆಟ್ಟಿಗೆಯನ್ನು ಯಾರೂ ತಾವಾಗಿ ತೆರೆಯುವುದಿಲ್ಲ. ಅವನ ಮನೆಯವರೇ ತೆಗೆದು ಕೈಗೆ ಕೊಡಬೇಕು. ಆದರೆ ಕೇಳಬಾರದು ಅಂತ ಏನೂ ಇರಲಿಲ್ಲವಲ್ಲ.

ಕೇಳಿದೆ. "ಮೌಝಾ, ಮಾಜಿದನ ಕೊಳವೆ ಕೊಡ್ತೀಯಾ?"

ಈ ಮನೆಯಲ್ಲಿ ಆ ಹೆಸರು ನನ್ನ ಬಾಯಿಂದ ಬಂದದ್ದು ಮೊದಲ ಸಲ. ಅವಳು ನನ್ನ ಮುಖವನ್ನೇ ನೋಡಿದಳು.

"ನಿಮ್ಗೆ ಬೇಜಾರಾಗುತ್ತೇನೋ ಅಂತ ಬಚ್ಚಿಟ್ಟಿದ್ದೆ."

"ನಿಂಗೆ ಬೇಜಾರಾಗುತ್ತೇನೋ ಅಂತ ನಾನು ಕೇಳ್ಲಿಲ್ಲ."

"ಸರಿಹೋಯ್ತು. ನಮ್ಮಿಬ್ಬರ ನಾಚಿಕೆಗೆ ಪಾಪ ಆ ಮೀನು ಸಾಯ್ಬೇಕಿತ್ತಾ?" ಅಂದಳು. ಓಡಿಹೋಗಿ ತಂದಳು. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಕಣ್ಣಿಡುವ ಕಡೆಯ ರಬ್ಬರು ಸವೆದಿದೆ. ಹೊಂದಿಸುವ ತಿರುಪಿಗೊಂದು ಪುಟಾಣಿ ಸ್ಕ್ರೂಡ್ರೈವರ್, ಕಳೆದುಹೋಗದಿರಲೆಂದು ದಾರದಿಂದ ಕಟ್ಟಿದ್ದಾನೆ. ಮೊದಲು ಬಟ್ಟಿ ಇಳಿಸಿದ ನೀರು ಬಿಟ್ಟು ಸೊನ್ನೆಗೆ ತರಬೇಕಂತೆ, ಅವಳೇ ಹೇಳಿಕೊಟ್ಟಳು. ತಿರುಪು ಕಾಲು ಸುತ್ತು ತಿರುಗಿಸಿದೆ. ನೀಲಿ ಗೆರೆ ಸೊನ್ನೆಗೆ ಬಂದು ನಿಂತಿತು.

ಆಮೇಲೆ ತೊಟ್ಟಿಯ ನೀರು. ನಲವತ್ತಮೂರು.

"ಒಳ್ಳೇ ಕೆಲಸಗಾರ ಕಣೇ ಅವ್ನು. ಸ್ಕ್ರೂಡ್ರೈವರ್ ದಾರದಲ್ಲಿ ಕಟ್ಟಿಡೋರು ಸಾವಿರಕ್ಕೊಬ್ರು," ಅಂದೆ. ಸುಮ್ಮನೆ ಅಂದದ್ದಲ್ಲ.

ಅವಳು ದುಪಟ್ಟಾದ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. "ಕನ್ನಡಕಕ್ಕೂ ದಾರ ಕಟ್ತಿದ್ರು. ಆದ್ರೂ ಕಳ್ಕೊಳ್ತಿದ್ರು," ಅಂದು ನಕ್ಕಳು.

ಅಕ್ಟೋಬರ್ ೨೮

ನಲವತ್ತು. ಇನ್ನೂ ತಿನ್ನುತ್ತಿಲ್ಲ. ನೆಟ್ಟಗೆ ನಿಂತಿದೆ, ಅಲ್‌ಹಮ್ದುಲಿಲ್ಲಾಹ್.

ನವೆಂಬರ್ ೬

ತಿಂದಿತು! ಮೌಝಾ ಬೆರಳ ತುದಿಯಲ್ಲಿ ಸಿಗಡಿ ಚೂರು ಹಿಡಿದಿದ್ದಳು. ಬೆರಳನ್ನೂ ಕಚ್ಚಿತು, ಪೋಕರಿ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಮೊಮ್ಮಗ ಹುಟ್ಟಿದ ಹಾಗೆ ಕೂಗ್ತೀಯಲ್ಲೋ," ಅಂದಳು. ಆಮೇಲೆ ಮೆಲ್ಲಗೆ, "ಅವಳು ಹೇಗಿದಾಳೆ?" ಅಂತ ಕೇಳಿದಳು. ಮೊದಲ ಸಲ ಕೇಳಿದ್ದು.

ಈಗ ದಿನಾ ಬೆಳಿಗ್ಗೆ ಇಬ್ಬರೂ ತೊಟ್ಟಿಯ ಮುಂದೆ. ನಾನು ಕೊಳವೆ ಹಿಡಿಯುತ್ತೇನೆ, ಅವಳು ಮಾಜಿದನ ಕತೆ ಹೇಳುತ್ತಾಳೆ. ಹೊಟ್ಟೆ ಉರಿಯುತ್ತದೆ ಅಂದುಕೊಂಡಿದ್ದೆ. ಸ್ವಲ್ಪ ಉರಿಯಿತು, ಎರಡು ದಿನ. ಈಗ ಅವಳು ಹೇಳದಿದ್ದರೆ ನಾನೇ ಕೇಳುತ್ತೇನೆ.

ನವೆಂಬರ್ ೧೫, ಶುಕ್ರವಾರ

ಕಿಟಕಿಯ ಬೆಳಕಿಗೆ ಕೊಳವೆ ಹಿಡಿದು ನಿಂತಿದ್ದೆ. ಅಡುಗೆಮನೆಯಿಂದ ಕೂಗಿದಳು. "ಮಾಜಿದ್, ಎಷ್ಟಿದೆ?"

ಕೂಡಲೇ ಎಲ್ಲ ಸದ್ದೂ ನಿಂತಿತು. ಬಾಗಿಲಿಗೆ ಬಂದು ನಿಂತಳು. ಕೈ ಬಾಯಿಯ ಮೇಲೆ, ಮುಖ ಬಿಳಿಚಿದೆ.

ಕೊಳವೆಯಿಂದ ಕಣ್ಣು ತೆಗೆಯಲಿಲ್ಲ ನಾನು.

"ಮೂವತ್ತೈದು," ಅಂದೆ.

ಹತ್ತಿರ ಬಂದು ನನ್ನ ಭುಜಕ್ಕೆ ಹಣೆ ಒರಗಿಸಿದಳು. ಬಹಳ ಹೊತ್ತು. ಕೊಳವೆ ಮಂಜಾಗಿ ಏನೂ ಕಾಣಲಿಲ್ಲ, ರಬ್ಬರೆಲ್ಲ ಒದ್ದೆ. ಒರೆಸಿಡಬೇಕು. ಮಾಜಿದನೂ ಒರೆಸಿಯೇ ಇಡುತ್ತಿದ್ದನಂತೆ, ಬಿಳಿ ಬಟ್ಟೆಯಲ್ಲಿ, ಮೊದಲು ಗಾಜು, ಆಮೇಲೆ...

ಚಹಾ ಆಯಿತಂತೆ. "ಘಾನಿಂ, ಆರಿಹೋಗುತ್ತೆ ಬನ್ನಿ" ಅಂತ ಕೂಗುತ್ತಿದ್ದಾಳೆ.