ಟ್ಯಾಂಕಿನ ಬಾಯಿಯ ಬಳಿ ನಿಂತವಳ ಬಗ್ಗೆ

ಮಾಲಿನ್ಯ ನಿಯಂತ್ರಣ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಎಥೆನಾಲ್ ಬೆರೆಸಿದ ಪೆಟ್ರೋಲಿನ ಬಗ್ಗೆ ನಿಮ್ಮ ಕಚೇರಿ ಹೊರತಂದ ವರದಿಯಲ್ಲಿ ‘ಬಂಕ್ ಸಿಬ್ಬಂದಿಯ ಆರೋಗ್ಯಕ್ಕೆ ಅಪಾಯ ಕಂಡುಬಂದಿಲ್ಲ’ ಎಂಬ ಸಾಲೊಂದಿದೆ. ನನ್ನ ತಕರಾರು ಆ ಸಾಲಿನ ಮೇಲೆ. ನಾನು ಬಟ್ಟೆ ಹೊಲಿಯುವವಳು. ರಸಾಯನಶಾಸ್ತ್ರ ತಿಳಿಯದು, ಅಳತೆ ತೆಗೆಯುವುದು ಗೊತ್ತು. ತೋಳನ್ನು ಅಳೆದು ಕುತ್ತಿಗೆ ಸರಿಯಾಗಿದೆ ಎಂದರೆ ಗಿರಾಕಿಗಳು ಬಟ್ಟೆಯನ್ನು ನನ್ನ ಮುಖಕ್ಕೇ ಎಸೆಯುತ್ತಾರೆ.

ನನ್ನ ಸೊಸೆ ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಾಳೆ. ಈಗ ಬಸುರಿ. ಮನೆಗೆ ಬಂದವಳು ಹೊಸ್ತಿಲಲ್ಲೇ ಮೇಲಂಗಿ ಬಿಚ್ಚಿಟ್ಟು, ಮುಖ ತೊಳೆದು ಒಳಗೆ ಬರುತ್ತಾಳೆ. ತಲೆನೋವೂ ಜೊತೆಗೇ ಬರುತ್ತದೆ. “ಹೊಸ ಪೆಟ್ರೋಲು ಬಂದ್ಮೇಲೆ, ಮುಚ್ಚಳ ತೆಗೆದ ಕೂಡ್ಲೇ ಗಂಟಲು ಹಿಡಿಯುತ್ತೆ ಅತ್ತೆ” ಎನ್ನುತ್ತಾಳೆ. ಅದು ಎಥೆನಾಲಿನಿಂದಲೋ, ಮೊದಲಿನಿಂದಲೂ ಇದ್ದ ಪೆಟ್ರೋಲಿನಿಂದಲೋ, ಬಸುರಿನ ಸಂಕಟವೋ ನನಗೆ ಗೊತ್ತಿಲ್ಲ. ಡಾಕ್ಟರಮ್ಮನನ್ನು ಕೇಳಿದರೆ, “ಅಲ್ಲಿನ ಗಾಳಿ ಯಾರಾದ್ರೂ ಅಳೆದಿದ್ರೆ ಹೇಳ್ಬಹುದಿತ್ತು” ಎಂದರು.

ಅಳೆದವರು ನೀವೇ ತಾನೇ ಎಂದುಕೊಂಡು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಕೈಕೆಳಗಿನ ಅಧಿಕಾರಿ ಕೂರಿಸಿಯೇ ಮಾತಾಡಿಸಿದರು.

“ವಾಹನದ ಹೊಗೆಯಲ್ಲಿ ವಿಷಾನಿಲ ಎಷ್ಟೋ ಕಡಿಮೆ ಆಗಿದೆಯಮ್ಮ.”

“ಸಂತೋಷ. ಟ್ಯಾಂಕಿನ ಬಾಯಿ ಹತ್ರ ಅಳೆದ್ರಾ?”

“ಅದು ಅಧ್ಯಯನದ ವ್ಯಾಪ್ತಿಗೆ ಬರೋದಿಲ್ಲ.”

“ಮತ್ತೆ ಅಪಾಯ ಕಂಡುಬಂದಿಲ್ಲ ಅಂತ ಬರೆದಿದ್ದೀರಲ್ಲ?”

“ಕಂಡುಬಂದಿಲ್ಲ ಅಂತಾನೇ ಬರೆದಿರೋದು. ಇಲ್ಲ ಅಂತ ಬರೆದಿಲ್ವಲ್ಲ.”

ಎಂಥ ಜಾಣತನ, ಮಾನ್ಯರೇ. ಬೆನ್ನು ತಿರುಗಿಸಿ ನಿಂತವರಿಗೆ ಏನು ತಾನೇ ಕಂಡೀತು? ಹೊಗೆ ಕೊಳವೆಗೆ ಯಂತ್ರ ಹಿಡಿದ ನಿಮ್ಮವರಿಗೆ, ಅದೇ ವಾಹನದ ಪಕ್ಕದಲ್ಲಿ ಪೆಟ್ರೋಲ್ ಹಾಕುತ್ತಾ ನಿಂತ ಹೆಣ್ಣುಮಗಳು ಕಣ್ಣಿಗೇ ಬೀಳಲಿಲ್ಲವೇ? ಹೊಗೆ ಕಡಿಮೆಯಾಗಿದ್ದರೆ ಊರಿಗೆಲ್ಲ ಒಳ್ಳೆಯದೇ, ನಾನೇಕೆ ಬೇಡವೆನ್ನಲಿ? ಆದರೆ ಟ್ಯಾಂಕಿನ ಬಾಯಿಯಿಂದ ಮೇಲೇಳುವ ಆವಿಯ ಲೆಕ್ಕ ಯಾರು ಕೊಡಬೇಕು?

ಹೆರಿಗೆಯಾಗುವವರೆಗೆ ಒಳಗೆ ಕುಳಿತು ಮಾಡುವ ಕೆಲಸ ಕೊಡಿ ಎಂದು ಸೊಸೆ ಬಂಕಿನ ಮಾಲೀಕರನ್ನು ಬೇಡಿಕೊಂಡಳು. ಅವರು ಫೋನಿನಲ್ಲಿ ನಿಮ್ಮ ಸಾಲನ್ನೇ ತೋರಿಸಿ, “ಸರ್ಕಾರವೇ ಏನೂ ಇಲ್ಲ ಅಂದಿದೆ, ನೀನ್ಯಾಕಮ್ಮ ಹೆದರ್ತೀಯ?” ಎಂದರಂತೆ. ನಿಮ್ಮ ಅಧಿಕಾರಿಯ ಜಾಣತನ ಬಂಕಿಗೆ ತಲುಪುವಷ್ಟರಲ್ಲಿ ಹೀಗಾಗಿತ್ತು. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಟ್ಯಾಂಕಿನ ಬಾಯಿಯ ಬಳಿ ಅಳೆಯಿರಿ. ಅದಕ್ಕೆ ಸಮಯ ಬೇಕು, ಬಲ್ಲೆ. ಆದರೆ ಹೊಟ್ಟೆಯಲ್ಲಿರುವ ಕೂಸು ನಿಮ್ಮ ಕಡತದಂತೆ ಕಾಯುತ್ತಾ ಕೂರುವುದಿಲ್ಲ. ಅಲ್ಲಿಯವರೆಗೆ ಆ ಸಾಲನ್ನು ಹೊಡೆದುಹಾಕಿ, ‘ನಾವು ನೋಡಿಲ್ಲ’ ಎಂದು ಬರೆದು ಸಹಿ ಹಾಕಿ. ಸೊಸೆಗೆ ಒಂದು ಕುರ್ಚಿ ಕೊಡಿಸಲು ಮಾಲೀಕರ ಜೊತೆ ಆಡಬೇಕಾದ ಜಗಳವನ್ನು ನಾನೇ ಆಡಿಕೊಳ್ಳುತ್ತೇನೆ.

ಇಂತಿ,
ನಿಮ್ಮ ವ್ಯಾಪ್ತಿಗೆ ಬಾರದ ಬಸುರಿಯ ಅತ್ತೆ